ವಶೀಲಿ ಎಂದರೆ ಅನರ್ಹತೆ, ರೆಫರಲ್ ಎಂದರೆ ಅರ್ಹತೆ?

ಕಳೆದ ಡಿಸೆಂಬರ್ ಕೊನೆಯ ವಾರದಲ್ಲಿ ನನ್ನ ತಮ್ಮನ ಮಗಳು ಶಿವಮೊಗ್ಗದಿಂದ ದೂರವಾಣಿ ಮಾಡಿದಳು. ಅಲ್ಲಿಯ ಕಾಲೇಜೊಂದರಲ್ಲಿ ಹಣಕಾಸು ನಿರ್ವಹಣೆಯನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡು ಆಕೆ ಎಂಬಿಎ ಓದುತ್ತಿದ್ದಾಳೆ. ಬೇಸಿಗೆಯಲ್ಲಿ ಎರಡು ತಿಂಗಳು ಯಾವುದಾದರೂ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಮಾಡುವುದು ವ್ಯಾಸಂಗದ ಭಾಗ. ಬೆಂಗಳೂರಿನಲ್ಲಿರುವ ವಿದೇಶಿ ಬ್ಯಾಂಕುಗಳ ಕೇಂದ್ರಗಳು, ಮ್ಯೂಚುವಲ್ ಫಂಡ್ ಕಂಪನಿಗಳು, ಖಾಸಗಿ ಬ್ಯಾಂಕುಗಳು ಎಂದು ನಲವತ್ತಕ್ಕೂ ಹೆಚ್ಚು ಕಡೆ ಅರ್ಜಿ ಹಾಕಿದ್ದಳಂತೆ. ಐದಾರು ಕಡೆಯಿಂದ ವಿಷಾದ ಸೂಚಿಸುವ ಸಿದ್ಧ ಉತ್ತರ ಬಂದಿತ್ತು. ಉಳಿದೆಡೆಯಿಂದ ಅದೂ ಇಲ್ಲ. 'ದೊಡ್ಡಪ್ಪಾ, ಆ ಬ್ಯಾಂಕುಗಳಲ್ಲಿ ನಿಮಗೆ ಯಾರಾದ್ರೂ ಪರಿಚಯ ಇದಾರಾ? ರೆಫರಲ್ ಇಲ್ಲದಿದ್ರೆ ಅರ್ಜಿ ತೆಗೆದೂ ನೋಡಲ್ವಂತೆ' ಎಂದಳು.

ಪ್ರಾಮಾಣಿಕವಾಗಿ ಹೇಳುವುದಾದರೆ ನನಗೆ ಮೊದಲು ಬಂದದ್ದು ಕೋಪ. ಮೂವತ್ತಮೂರು ವರ್ಷ ಸರ್ಕಾರಿ ಸೇವೆಯಲ್ಲಿದ್ದವನು ನಾನು. ನಮ್ಮ ಪೀಳಿಗೆಯ ನೌಕರರ ಬಾಯಲ್ಲಿ ಇದಕ್ಕೆ ಇದ್ದ ಹೆಸರು ಒಂದೇ: ವಶೀಲಿ. ನೇಮಕಾತಿ ಅಧಿಸೂಚನೆಗಳ ಕೊನೆಯ ಷರತ್ತುಗಳಲ್ಲಿ, ಆಯ್ಕೆಗಾಗಿ ಯಾವುದೇ ರೀತಿಯ ಪ್ರಭಾವ ತರುವ ಅಭ್ಯರ್ಥಿಯನ್ನು ಅನರ್ಹಗೊಳಿಸಲಾಗುವುದು ಎಂಬ ಅರ್ಥದ ಒಂದು ಸಾಲು ತಪ್ಪದೆ ಇರುತ್ತಿತ್ತು. 1964ರ ಕೇಂದ್ರ ನಾಗರಿಕ ಸೇವೆಗಳ ನಡತೆ ನಿಯಮಗಳಲ್ಲಿ 4ನೆಯದು, ನೌಕರನು ತನ್ನ ಸ್ಥಾನವನ್ನಾಗಲಿ ಪ್ರಭಾವವನ್ನಾಗಲಿ ಬಳಸಿ ಕುಟುಂಬದವರಿಗೆ ಯಾವುದೇ ಕಂಪನಿಯಲ್ಲಿ ಉದ್ಯೋಗ ದೊರಕಿಸಿಕೊಡುವುದನ್ನು ನಿಷೇಧಿಸುತ್ತದೆ. ರಾಜ್ಯದ ನಿಯಮಗಳ ಧಾಟಿಯೂ ಅದೇ. ಆ ನಿಯಮದಲ್ಲಿ ಹೇಳಿರುವ 'ಕುಟುಂಬ'ದ ವ್ಯಾಖ್ಯೆಯೊಳಗೆ ನನ್ನ ಅವಲಂಬಿತಳಲ್ಲದ ತಮ್ಮನ ಮಗಳು ಬರುವುದಿಲ್ಲ, ಮೇಲಾಗಿ ನಾನು ನಿವೃತ್ತ. ಇಂತಹ ಸಂದುಗಳನ್ನು ಹುಡುಕುವುದರಲ್ಲಿ ಅಧಿಕಾರಿಗಳು ನಿಪುಣರು ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕು ದಿನ ಸುಮ್ಮನಿದ್ದೆ. ಐದನೆಯ ದಿನ, ಖಜಾನೆ ಇಲಾಖೆಯಲ್ಲಿ ನನ್ನೊಡನೆ ಕೆಲಸ ಮಾಡಿದ ಮಿತ್ರರೊಬ್ಬರ ಮಗನಿಗೆ ಫೋನು ಮಾಡಿದೆ. ಆತ ವಿದೇಶಿ ಬ್ಯಾಂಕೊಂದರ ಬೆಂಗಳೂರು ಕೇಂದ್ರದಲ್ಲಿ ಏಳೆಂಟು ವರ್ಷಗಳಿಂದ ಇದ್ದಾನೆ. 'ಅದಕ್ಕೇನಂತೆ ಅಂಕಲ್, ಬಯೋಡೇಟಾ ಕಳಿಸಿ, ಹತ್ತು ನಿಮಿಷದ ಕೆಲಸ' ಎಂದ. ಅಕ್ಷರಶಃ ಹತ್ತೇ ನಿಮಿಷ. ಒಂಬತ್ತನೆಯ ದಿನ ಹುಡುಗಿಗೆ ಆನ್‌ಲೈನ್ ಪರೀಕ್ಷೆಗೆ ಕರೆ ಬಂತು, ಮುಂದಿನ ವಾರ ಸಂದರ್ಶನ. ಇದರಲ್ಲಿ ನನ್ನನ್ನು ಕಾಡಿದ ಸಂಗತಿ ಬೇರೆ. ಅದೇ ಬ್ಯಾಂಕಿಗೆ ಆಕೆ ಆರು ವಾರ ಮೊದಲೇ ಅರ್ಜಿ ಹಾಕಿದ್ದಳು. ಅದೇ ಅಂಕಗಳು, ಅದೇ ಬಯೋಡೇಟಾ, ಒಂದಕ್ಷರವೂ ಬದಲಾಗಿರಲಿಲ್ಲ.

ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಆ ಯುವಕನೇ ನನಗೆ ವಿವರಿಸಿದ. ದೊಡ್ಡ ಸಂಸ್ಥೆಗಳಲ್ಲಿ ನೌಕರರಿಗಾಗಿ ಆಂತರಿಕ ಜಾಲತಾಣ ಇರುತ್ತದೆ. ನೌಕರನು ಅಲ್ಲಿ ಅಭ್ಯರ್ಥಿಯ ಹೆಸರು, ಹುದ್ದೆಯ ಸಂಖ್ಯೆ ನಮೂದಿಸಿ ಬಯೋಡೇಟಾ ಏರಿಸುತ್ತಾನೆ. ಈ ವ್ಯಕ್ತಿಯನ್ನು ಹೇಗೆ ಬಲ್ಲಿರಿ ಎಂಬ ಒಂದು ಕಾಲಂ ಇರುತ್ತದೆ. ಅಲ್ಲಿಂದ ಮುಂದೆ ಆ ಅರ್ಜಿಯ ಮೇಲೆ ರೆಫರಲ್ ಎಂಬ ಗುರುತು ಬೀಳುತ್ತದೆ, ಮತ್ತು ಅರ್ಜಿಗಳನ್ನು ಜರಡಿ ಹಿಡಿಯುವ ಮಾನವ ಸಂಪನ್ಮೂಲ ವಿಭಾಗದವರು ಗುರುತಿರುವ ಕಟ್ಟನ್ನು ಮೊದಲು ಬಿಚ್ಚುತ್ತಾರೆ. ಅಭ್ಯರ್ಥಿ ಈಗಾಗಲೇ ತಾನೇ ಅರ್ಜಿ ಹಾಕಿಬಿಟ್ಟಿದ್ದರೆ ಆಮೇಲಿನ ರೆಫರಲ್ ಲೆಕ್ಕಕ್ಕಿಲ್ಲ ಎನ್ನುವ ಸಂಸ್ಥೆಗಳೂ ಇವೆ. ಈ ಬ್ಯಾಂಕಿನಲ್ಲಿ ಹಾಗಿರಲಿಲ್ಲ ಎಂಬುದು ನಮ್ಮ ಹುಡುಗಿಯ ಅದೃಷ್ಟ. ರೆಫರಲ್ ಇದ್ದವರಿಗೆ ಪರೀಕ್ಷೆಯಲ್ಲಾಗಲಿ ಸಂದರ್ಶನದಲ್ಲಾಗಲಿ ಹೆಚ್ಚುವರಿ ಅಂಕ ಇಲ್ಲ ಎಂದು ಆತ ಒತ್ತಿ ಹೇಳಿದ. ಅದು ನಿಜವೇ ಇರಬೇಕು. ಅರ್ಜಿಯನ್ನು ಒಬ್ಬ ಮನುಷ್ಯ ಓದುತ್ತಾನೆ, ಅಷ್ಟೇ.

ಆ 'ಅಷ್ಟೇ' ಎಂಬುದರ ಬೆಲೆ ಎಷ್ಟು ಎಂಬುದನ್ನು ಅರ್ಥಶಾಸ್ತ್ರದ ಹಳೆಯ ವಿದ್ಯಾರ್ಥಿಯಾಗಿ ನಾನು ಲೆಕ್ಕ ಹಾಕಲು ಯತ್ನಿಸಿದೆ. 2004ರಿಂದ ಬೆಂಗಳೂರಿನಲ್ಲಿ ಕಚೇರಿ ಹೊಂದಿರುವ ಗೋಲ್ಡ್‌ಮನ್ ಸ್ಯಾಕ್ಸ್‌ಗೆ 2024ರ ಬೇಸಿಗೆ ಇಂಟರ್ನ್‌ಶಿಪ್‌ಗಾಗಿ ಜಗತ್ತಿನಾದ್ಯಂತದಿಂದ ಬಂದ ಅರ್ಜಿಗಳು 3 ಲಕ್ಷ 15 ಸಾವಿರಕ್ಕೂ ಹೆಚ್ಚು. ಆಯ್ಕೆಯಾದವರು ಶೇ. 1ಕ್ಕಿಂತ ಕಡಿಮೆ. ಇಷ್ಟು ಅರ್ಜಿಗಳನ್ನು ಯಾರು ಓದಲು ಸಾಧ್ಯ ಎಂಬ ಪ್ರಶ್ನೆಯನ್ನು ಇಂತಹ ಸಂಸ್ಥೆಗಳ ಪರವಾಗಿ ಕೇಳಲಾಗುತ್ತದೆ. ಒಂದು ಅರ್ಜಿಗೆ ಮೂರು ನಿಮಿಷ ಎಂದಿಟ್ಟುಕೊಳ್ಳೋಣ. ಒಟ್ಟು 15,750 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಓದಿದರೆ ಸುಮಾರು ಎಂಟು ಮಂದಿಗೆ ಒಂದು ವರ್ಷದ ಕೆಲಸ. ಎರಡೇ ತಿಂಗಳಲ್ಲಿ ಮುಗಿಸಬೇಕೆಂದರೆ ಐವತ್ತು ಮಂದಿ ಬೇಕಾದಾರು. ಜಾಗತಿಕ ಬ್ಯಾಂಕುಗಳ ಆದಾಯದ ಮುಂದೆ ಇದು ಏನೇನೂ ಅಲ್ಲ. ಓದುವುದು ಅಸಾಧ್ಯ ಎಂಬ ವಾದ ಹಾಗಾಗಿ ನಿಲ್ಲುವುದಿಲ್ಲ. ಓದುವುದಕ್ಕೆ ಖರ್ಚು ಮಾಡುವ ಅಗತ್ಯ ಯಾವ ಸಂಸ್ಥೆಗೂ ಕಾಣುತ್ತಿಲ್ಲ, ಏಕೆಂದರೆ ಅದಕ್ಕಿಂತ ಅಗ್ಗದ ಜರಡಿಯೊಂದು ಅದರ ಕೈಯಲ್ಲೇ ಇದೆ.

ಆ ಜರಡಿಯ ಸಮರ್ಥನೆ ಅರ್ಥಶಾಸ್ತ್ರದಲ್ಲಿ ಹಳೆಯದು. ಕಾಗದದ ಮೇಲಿನ ಮಾಹಿತಿಗಿಂತ ಒಳಗಿನ ನೌಕರನ ಮಾತು ಹೆಚ್ಚು ವಿಶ್ವಾಸಾರ್ಹ, ಏಕೆಂದರೆ ಕೆಟ್ಟ ವ್ಯಕ್ತಿಯನ್ನು ಸೂಚಿಸಿದರೆ ಹೋಗುವುದು ಆತನದೇ ಮಾನ ಎಂಬ ತರ್ಕವನ್ನು ಆಲ್ಬರ್ಟ್ ರೀಸ್ 1966ರಷ್ಟು ಹಿಂದೆಯೇ ಮಂಡಿಸಿದ್ದರು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು 1997ರ ಒಂದು ಅಧ್ಯಯನ. ರಾಬರ್ಟೋ ಫರ್ನಾಂಡಿಸ್ ಮತ್ತು ನ್ಯಾನ್ಸಿ ವೈನ್‌ಬರ್ಗ್ ಅಮೆರಿಕದ ಬ್ಯಾಂಕೊಂದರ ಆರಂಭಿಕ ಹುದ್ದೆಗಳಿಗೆ ಬಂದ ಸಾವಿರಾರು ಅರ್ಜಿಗಳನ್ನು ಹಂತ ಹಂತವಾಗಿ ಹಿಂಬಾಲಿಸಿ ನೋಡಿದರು. ನೌಕರರಿಂದ ಸೂಚಿತರಾದವರಿಗೆ ಸಂದರ್ಶನದ ಕರೆ ಬರುವ ಹಂತದಲ್ಲೂ ನೇಮಕದ ಹಂತದಲ್ಲೂ ಅನುಕೂಲವಿತ್ತು. ಅವರ ಬಯೋಡೇಟಾಗಳು ಹುದ್ದೆಗೆ ಹೆಚ್ಚು ಹೊಂದುವಂತಿದ್ದವು ಮತ್ತು ಅರ್ಜಿ ಬಂದ ಸಮಯವೂ ಹದವಾಗಿತ್ತು ಎಂಬುದನ್ನೂ ಅವರು ಗುರುತಿಸಿದರು. ಒಳಗಿನವರ ಪರಿಚಯವಿದ್ದರೆ ಬಾಗಿಲು ಯಾವಾಗ ತೆರೆಯುತ್ತದೆ, ಒಳಗೆ ಏನು ಬೇಕಾಗಿದೆ ಎಂಬುದೂ ತಿಳಿಯುತ್ತದೆ ಎಂದಾಯಿತು.

ಆದರೆ ಈ ಸಮರ್ಥನೆ ನಿಂತಿರುವುದು ಒಂದು ಊಹೆಯ ಮೇಲೆ. ಸೂಚಿಸುವವನಿಗೆ ಅಭ್ಯರ್ಥಿಯ ಕೆಲಸ ಗೊತ್ತಿದೆ ಎಂಬುದು ಆ ಊಹೆ. ಹತ್ತು ವರ್ಷ ಅನುಭವವಿರುವ ಲೆಕ್ಕಪರಿಶೋಧಕನನ್ನು ಆತನ ಹಳೆಯ ಸಹೋದ್ಯೋಗಿ ಸೂಚಿಸಿದರೆ ಆ ಮಾತಿಗೆ ತೂಕವಿದೆ. ಒಟ್ಟಿಗೆ ಕುಳಿತು ಮಾರ್ಚ್ ಕೊನೆಯ ಲೆಕ್ಕ ಮುಗಿಸಿದವನಿಗೆ ಪಕ್ಕದವನ ಯೋಗ್ಯತೆ ತಿಳಿದಿರುತ್ತದೆ. ಇಪ್ಪತ್ತೆರಡು ವರ್ಷದ ವಿದ್ಯಾರ್ಥಿನಿಯ ವಿಷಯದಲ್ಲಿ ಆ ಅನುಭವ ಎಲ್ಲಿದೆ? ಆಕೆ ಇನ್ನೂ ಎಲ್ಲಿಯೂ ಕೆಲಸವನ್ನೇ ಮಾಡಿಲ್ಲ. ನನ್ನ ಮಿತ್ರರ ಮಗ ನಮ್ಮ ಹುಡುಗಿಯನ್ನು ನೋಡಿದ್ದು ಒಂದೇ ಸಲ, ನನ್ನ ಮಗನ ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ. ಆಕೆಗೆ ಬಾಂಡ್ ಬೆಲೆ ಕಟ್ಟಲು ಬರುತ್ತದೆಯೇ ಎಂಬುದು ಆತನಿಗೆ ಹೇಗೆ ತಿಳಿಯಬೇಕು? ಆತ ಬ್ಯಾಂಕಿಗೆ ತಿಳಿಸಿದ್ದು ಆಕೆಯ ಯೋಗ್ಯತೆಯನ್ನಲ್ಲ. ತನ್ನ ತಂದೆಯ ಹಳೆಯ ಸಹೋದ್ಯೋಗಿಯೊಬ್ಬನಿಗೆ ಆಕೆ ಬಂಧು ಎಂಬುದನ್ನು ಮಾತ್ರ. ರೆಫರಲ್ ಪದ್ಧತಿಯಲ್ಲಿ ಮಾಹಿತಿಯ ಅಂಶ ಅತ್ಯಂತ ಕಡಿಮೆಯಿರುವುದು ಇಂಟರ್ನ್‌ಶಿಪ್ ಹಂತದಲ್ಲಿ. ಆದರೆ ಅದರ ಪರಿಣಾಮ ಅತ್ಯಂತ ದೂರ ಸಾಗುವುದೂ ಅಲ್ಲಿಂದಲೇ.

ಪರಿಣಾಮ ದೂರ ಸಾಗುವುದು ಏಕೆಂದರೆ ಹಣಕಾಸು ಕ್ಷೇತ್ರದಲ್ಲಿ ಇಂಟರ್ನ್‌ಶಿಪ್ ಎಂಬುದು ಕಲಿಕೆಯ ರಜೆಯಾಗಿ ಉಳಿದಿಲ್ಲ. ನಮ್ಮ ಕಾಲದಲ್ಲಿ ಎಂ.ಎ. ವಿದ್ಯಾರ್ಥಿ ಬೇಸಿಗೆಯಲ್ಲಿ ಊರಿಗೆ ಹೋಗಿ ಮಾವಿನ ಹಣ್ಣು ತಿಂದು ಬರುತ್ತಿದ್ದ. ಈಗ ಆ ಎರಡು ತಿಂಗಳು ಸಂಸ್ಥೆಗಳಿಗೆ ಉದ್ದನೆಯ ಸಂದರ್ಶನವಿದ್ದಂತೆ. ಮೆಚ್ಚಿಗೆಯಾದವರಿಗೆ ಅಂತಿಮ ವರ್ಷ ಆರಂಭವಾಗುವ ಮೊದಲೇ ಕೆಲಸದ ಆಹ್ವಾನ ಕೈಸೇರುತ್ತದೆ. ಆರಂಭಿಕ ಹುದ್ದೆಗಳ ದೊಡ್ಡ ಪಾಲು ಹೀಗೆ ತುಂಬಿಹೋದ ಮೇಲೆ ಉಳಿದವುಗಳಿಗೆ ಜಾಹೀರಾತು ಬರುತ್ತದೆ. ಆಗ ಅರ್ಜಿ ಹಾಕುವವನನ್ನು ಕೇಳುವ ಮೊದಲ ಪ್ರಶ್ನೆ, ಎಲ್ಲಿ ಇಂಟರ್ನ್‌ಶಿಪ್ ಮಾಡಿದ್ದೀರಿ ಎಂಬುದು.

ಸರ್ಕಾರಿ ನೇಮಕಾತಿಯೆಲ್ಲ ಪರಿಶುದ್ಧವಾಗಿತ್ತು ಎಂದು ನಾನು ಹೇಳಹೊರಟರೆ ಓದುಗರು ನಕ್ಕಾರು. 545 ಪಿಎಸ್ಐ ಹುದ್ದೆಗಳ ಪರೀಕ್ಷೆಯನ್ನು 2022ರಲ್ಲಿ ರದ್ದುಪಡಿಸಬೇಕಾಗಿ ಬಂದದ್ದು ನಮ್ಮ ರಾಜ್ಯದಲ್ಲೇ. ಆದರೆ ಅಲ್ಲಿ ಮುರಿಯಲು ಒಂದು ನಿಯಮವಿತ್ತು. ಮುರಿದದ್ದು ಗೊತ್ತಾದಾಗ ದೂರು ಕೊಡಲು, ನ್ಯಾಯಾಲಯದ ಮೆಟ್ಟಿಲು ಹತ್ತಲು ದಾರಿಯಿತ್ತು. ಸಂದರ್ಶನದಲ್ಲಿ ನಡೆಯುವ ಪಕ್ಷಪಾತದ ಬಗ್ಗೆ ನಮ್ಮ ನ್ಯಾಯಾಲಯಗಳು ತಲೆಕೆಡಿಸಿಕೊಂಡಷ್ಟು ಬೇರೆ ಯಾವುದರ ಬಗ್ಗೆಯೂ ಕೆಡಿಸಿಕೊಂಡಿಲ್ಲವೇನೋ. ಅಜಯ್ ಹಾಸಿಯಾ ಪ್ರಕರಣದಲ್ಲಿ, ಕಾಲೇಜು ಪ್ರವೇಶದ ಮೌಖಿಕ ಪರೀಕ್ಷೆಗೆ ಶೇ. 15ಕ್ಕಿಂತ ಹೆಚ್ಚು ಅಂಕ ಮೀಸಲಿಡುವುದು ಸ್ವೇಚ್ಛಾಚಾರ ಎಂದು ಸುಪ್ರೀಂ ಕೋರ್ಟ್ 1980ರ ದಶಕದ ಆರಂಭದಲ್ಲೇ ಹೇಳಿತು. ಕೇಂದ್ರ ಸರ್ಕಾರ ತನ್ನ ಕೆಳಹಂತದ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನೇ ಕೈಬಿಟ್ಟಿತು. ಖಾಸಗಿ ವಲಯದಲ್ಲಿ ಜರಡಿ ಕೂತಿರುವುದು ಸಂದರ್ಶನಕ್ಕೂ ಮೊದಲು. ಅಲ್ಲಿ ಯಾವ ನಿಯಮವೂ ಮುರಿದಿಲ್ಲ, ಹಾಗಾಗಿ ದೂರಿಗೂ ಅವಕಾಶವಿಲ್ಲ. ಕರೆ ಬಾರದವಳಿಗೆ ತನಗೆ ಏಕೆ ಬರಲಿಲ್ಲ ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ. ತನ್ನ ಅಂಕ ಸಾಲದು, ಇಂಗ್ಲಿಷ್ ಸಾಲದು ಎಂದೇ ಆಕೆ ನಂಬಿಕೊಳ್ಳುತ್ತಾಳೆ.

ಇದು ಕಂಪನಿಗಳ ಖಾಸಗಿ ವಿಚಾರ, ಹಣ ಹಾಕಿದವರು ತಮಗೆ ಬೇಕಾದವರನ್ನು ಆರಿಸಿಕೊಳ್ಳುತ್ತಾರೆ ಎನ್ನುವವರಿದ್ದಾರೆ. ಹಣಕಾಸು ಇಂಟರ್ನ್‌ಶಿಪ್‌ನ ಶಿಫಾರಸು ಅಷ್ಟು ನಿರುಪದ್ರವಿ ವಿಷಯವಲ್ಲ ಎಂಬುದನ್ನು ಅಮೆರಿಕದ ನಿಯಂತ್ರಕರು ಬ್ಯಾಂಕುಗಳಿಗೆ ಕಲಿಸಬೇಕಾಯಿತು. ಮಧ್ಯಪ್ರಾಚ್ಯದ ಸರ್ಕಾರಿ ಹೂಡಿಕೆ ನಿಧಿಯೊಂದರ ಅಧಿಕಾರಿಗಳ ಬಂಧುಗಳಾದ ಮೂವರಿಗೆ ಇಂಟರ್ನ್‌ಶಿಪ್ ಕೊಟ್ಟದ್ದಕ್ಕಾಗಿ ಬಿಎನ್‌ವೈ ಮೆಲಾನ್ ಬ್ಯಾಂಕು 2015ರಲ್ಲಿ 1.48 ಕೋಟಿ ಡಾಲರ್ ತೆತ್ತಿತು. 2016ರ ನವೆಂಬರ್‌ನಲ್ಲಿ ಜೆಪಿ ಮೋರ್ಗನ್ ಪ್ರಕರಣ ಇತ್ಯರ್ಥವಾದಾಗ ಕಟ್ಟಬೇಕಾದ ಮೊತ್ತ ಒಟ್ಟು ಸುಮಾರು 26.4 ಕೋಟಿ ಡಾಲರ್. ಏಷ್ಯಾದಲ್ಲಿ ವಿದೇಶಿ ಅಧಿಕಾರಿಗಳ ಮಾತಿನ ಮೇಲೆ ಏಳು ವರ್ಷಗಳಲ್ಲಿ ಸುಮಾರು ನೂರು ಮಂದಿಯನ್ನು ಇಂಟರ್ನ್‌ಗಳಾಗಿ, ನೌಕರರಾಗಿ ಸೇರಿಸಿಕೊಳ್ಳಲಾಗಿತ್ತು. ಅವರಲ್ಲಿ ಅಧಿಕಾರಿಗಳ ಮಕ್ಕಳು, ಬಂಧುಗಳು ಇದ್ದರು. ಆ ಪದ್ಧತಿಗೆ ಅಲ್ಲಿ 'ಗಂಡುಮಕ್ಕಳು ಮತ್ತು ಹೆಣ್ಣುಮಕ್ಕಳು' ಎಂಬ ಅಡ್ಡಹೆಸರೇ ಬಿದ್ದಿತ್ತು. ಇಂಟರ್ನ್‌ಶಿಪ್ ಎಂಬುದು ಬೆಲೆಬಾಳುವ ವಸ್ತು, ಅದನ್ನು ಲಂಚವಾಗಿಯೂ ಕೊಡಬಹುದು ಎಂಬುದು ಇದರಿಂದ ಸ್ಥಿರಪಟ್ಟಿತು. ನಾನು ಸೇವೆಯಲ್ಲಿದ್ದಾಗ ಇದೇ ಫೋನು ಮಾಡಿದ್ದರೆ ಆ ಬ್ಯಾಂಕಿನ ಕಾನೂನು ವಿಭಾಗ ಗಾಬರಿ ಬೀಳುತ್ತಿತ್ತು. ನಿವೃತ್ತನಾದ ಮೇಲೆ ಅದೇ ಮಾತು ಬರೀ ಪರಿಚಯ.

ಹಾಗೆಂದು ಈ ಪದ್ಧತಿಯನ್ನೇ ರದ್ದುಮಾಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1906ರಲ್ಲಿ ಹುಟ್ಟಿದ ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು, 1925ರ ಸಿಂಡಿಕೇಟ್, 1931ರ ವಿಜಯಾ, ಇವೆಲ್ಲ ರಾಷ್ಟ್ರೀಕರಣಕ್ಕೆ ಮೊದಲು ಊರಿನ ಪರಿಚಯದ ಮೇಲೆಯೇ ಬಹಳಷ್ಟು ಹುಡುಗರನ್ನು ಸೇರಿಸಿಕೊಂಡ ಸಂಸ್ಥೆಗಳು. ಹತ್ತನೆಯ ತರಗತಿ ಮುಗಿಸಿದ ರೈತನ ಮಗ, ಮಾವನದೋ ಮೇಷ್ಟರದೋ ಮಾತು ಹಿಡಿದು ಹೋಗಿ ಗುಮಾಸ್ತನಾಗಿ ಸೇರಿ ಮುಂಬೈಯಲ್ಲಿ ವ್ಯವಸ್ಥಾಪಕನಾಗಿ ನಿವೃತ್ತನಾದ ಕತೆಗಳು ಆ ಜಿಲ್ಲೆಗಳಲ್ಲಿ ಮನೆಗೊಂದರಂತೆ ಸಿಗುತ್ತವೆ. ಆ ಜಾಲದ ಹೊರಗಿದ್ದ ಸಮುದಾಯಗಳಿಗೆ ಬಾಗಿಲು ತೆರೆದದ್ದು 1969 ಮತ್ತು 1980ರ ರಾಷ್ಟ್ರೀಕರಣ, ಮೀಸಲಾತಿ ಹಾಗೂ ಬ್ಯಾಂಕಿಂಗ್ ಸೇವಾ ನೇಮಕಾತಿ ಮಂಡಳಿಗಳ ಲಿಖಿತ ಪರೀಕ್ಷೆ. ಆ ಮಂಡಳಿಗಳು 2001ರಲ್ಲಿ ರದ್ದಾದವು. 2011ರಿಂದ ಐಬಿಪಿಎಸ್ ಸಂಸ್ಥೆಯ ಸಾಮಾನ್ಯ ಪರೀಕ್ಷೆ ಬಂದಿದೆ. ಕನ್ನಡದ ಹುಡುಗರು ಅದರಲ್ಲಿ ಹಿಂದೆ ಬೀಳುತ್ತಿದ್ದಾರೆ ಎಂಬ ದೂರು ಬೇರೆ ಚರ್ಚೆಯ ವಿಷಯ.

ಸಣ್ಣ ಊರಿನವರಿಗೆ ಶಿಫಾರಸೇ ಕೆಲವೊಮ್ಮೆ ಉಳಿದಿರುವ ಏಕೈಕ ದಾರಿ. ಅಮೆರಿಕದ ಸಮಾಜಶಾಸ್ತ್ರಜ್ಞೆ ಲಾರೆನ್ ರಿವೇರಾ ಅವರು ಹೂಡಿಕೆ ಬ್ಯಾಂಕು, ಕಾನೂನು, ಸಲಹಾ ಸಂಸ್ಥೆಗಳ ನೇಮಕಾತಿಯನ್ನು ಒಳಹೊಕ್ಕು ನೋಡಿ 2015ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದರ ಚಿತ್ರಣವಿದೆ. ಆ ಸಂಸ್ಥೆಗಳು ಕೆಲವೇ ಪ್ರತಿಷ್ಠಿತ ವಿಶ್ವವಿದ್ಯಾಲಯಗಳ ಪಟ್ಟಿ ಇಟ್ಟುಕೊಂಡಿರುತ್ತವೆ. ಪಟ್ಟಿಯ ಹೊರಗಿನವರ ಅರ್ಜಿಗೆ ಗಂಭೀರ ಗಮನ ಸಿಗುವುದೇ ಅಪರೂಪ. ಒಳಗಿನವರೊಬ್ಬರ ಮಾತಿದ್ದರೆ ಮಾತ್ರ ಅದಕ್ಕೆ ಜೀವ. ನಮ್ಮಲ್ಲೂ ಕಂಪನಿಗಳು ಐಐಎಂಗಳಿಗೆ, ಬೆಂಗಳೂರಿನ ಹೆಸರಾಂತ ಕಾಲೇಜುಗಳಿಗೆ ತಾವೇ ಹೋಗುತ್ತವೆ. ಶಿವಮೊಗ್ಗಕ್ಕೆ, ದಾವಣಗೆರೆಗೆ, ಕಲಬುರಗಿಗೆ ಹೋಗುವುದು ಕಡಿಮೆ. ರೆಫರಲ್ ನಿಷೇಧಿಸಿದರೆ ಉಳಿಯುವುದು ಆ ಕಾಲೇಜುಗಳ ಪಟ್ಟಿ ಮಾತ್ರ, ಅದು ಇನ್ನೂ ಗಟ್ಟಿಯಾದ ಗೋಡೆ. ಅದೇ ಊರಿನ ಕಾಲೇಜಿನಿಂದ ಹೋಗಿ ಬ್ಯಾಂಕಿನೊಳಗೆ ನೆಲೆಯೂರಿದ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮೇಷ್ಟರನ್ನು ಕೇಳಿ, ಅವರು ಹೇಳಿದ ಹುಡುಗಿಯನ್ನು ಸೂಚಿಸಿದರೆ ಅದನ್ನು ವಶೀಲಿ ಎನ್ನಲು ನನಗೆ ಮನಸ್ಸಾಗದು. ಅಲ್ಲಿ ಮಾಹಿತಿ ಇದೆ. ಪಾಠ ಹೇಳಿದವರಿಗೆ ಆಕೆಯ ಯೋಗ್ಯತೆ ಗೊತ್ತು.

ಕಷ್ಟವಿರುವುದು ಅಂತಹ ಹಳೆಯ ವಿದ್ಯಾರ್ಥಿಗಳು ಎಲ್ಲರಿಗೂ ಸಮನಾಗಿ ಹಂಚಿಹೋಗಿಲ್ಲ ಎಂಬುದರಲ್ಲಿ. ಮಾರ್ಕ್ ಗ್ರಾನೊವೆಟರ್ 1970ರ ದಶಕದಲ್ಲಿ ಬೋಸ್ಟನ್ ಹೊರವಲಯದ 282 ಮಂದಿ ವೃತ್ತಿಪರರನ್ನು ಅಧ್ಯಯನ ಮಾಡಿದಾಗ ಅರ್ಧಕ್ಕಿಂತ ಹೆಚ್ಚು ಜನ ಕೆಲಸ ಪಡೆದದ್ದು ಪರಿಚಯದಿಂದ ಎಂಬುದು ಕಂಡುಬಂತು. ಆ ಪರಿಚಯವೂ ಆಪ್ತ ಸ್ನೇಹಿತರದಲ್ಲ, ಅಪರೂಪಕ್ಕೆ ಭೇಟಿಯಾಗುವವರದು. ಇದನ್ನು ಓದಿ ನಮ್ಮ ಯುವಜನರಿಗೆ ಅಪರಿಚಿತರಿಗೂ ಧೈರ್ಯವಾಗಿ ಬರೆಯಿರಿ ಎಂದು ಉಪದೇಶಿಸುವವರು ಬಹಳ. ಉಪದೇಶ ತಪ್ಪಲ್ಲ. ಆದರೆ ನಮ್ಮ ದೇಶದಲ್ಲಿ ಅಪರೂಪದ ಪರಿಚಯಗಳು ಹುಟ್ಟುವುದು ಮದುವೆ ಮನೆಯಲ್ಲಿ, ಮಠದಲ್ಲಿ, ಸಮುದಾಯದ ವಿದ್ಯಾರ್ಥಿನಿಲಯದಲ್ಲಿ, ಈಗೀಗ ಅಪಾರ್ಟ್‌ಮೆಂಟಿನ ಈಜುಕೊಳದ ಬಳಿ. ಎಲ್ಲವೂ ಜಾತಿ ಮತ್ತು ವರ್ಗದ ಬೇಲಿಯೊಳಗಿನ ಜಾಗಗಳೇ. ಸುಖದೇವ ಥೋರಟ್ ಮತ್ತು ಪಾಲ್ ಅಟೆವೆಲ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಖಾಸಗಿ ಕಂಪನಿಗಳಿಗೆ ಕಳುಹಿಸಿದಾಗ ದಲಿತ ಮತ್ತು ಮುಸ್ಲಿಂ ಹೆಸರುಗಳಿಗೆ ಕರೆ ಬರುವ ಸಂಭವ ಕಡಿಮೆ ಎಂದು ತಿಳಿದುಬಂದಿತ್ತು. ಅರ್ಜಿಯನ್ನು ಓದುವ ಹಂತದಲ್ಲೇ ಹೀಗೆ. ಯಾರ ಅರ್ಜಿಯನ್ನು ಓದಬೇಕು ಎಂಬುದನ್ನೂ ಪರಿಚಯವೇ ನಿರ್ಧರಿಸಿದರೆ ಹೆಸರು ನೋಡುವ ಅಗತ್ಯವೂ ಉಳಿಯುವುದಿಲ್ಲ.

ಈ ಬಾಗಿಲನ್ನು ಸ್ವಲ್ಪವಾದರೂ ನೇರಗೊಳಿಸುವುದು ಸಾಧ್ಯವೇ? ಕೋಲ್ಕತ್ತದಲ್ಲಿ ನಡೆದ ಪ್ರಯೋಗವೊಂದು ನನಗೆ ಆಶಾದಾಯಕವಾಗಿ ಕಂಡಿದೆ. ಲೋರಿ ಬೀಮನ್ ಮತ್ತು ಜೆರೆಮಿ ಮ್ಯಾಗ್ರುಡರ್ 2012ರಲ್ಲಿ ಪ್ರಕಟಿಸಿದ ಈ ಪ್ರಯೋಗದಲ್ಲಿ, ಕೆಲಸಕ್ಕೆ ಬಂದವರಿಗೆ ಇನ್ನೊಬ್ಬರನ್ನು ಸೂಚಿಸುವಂತೆ ಹೇಳಲಾಯಿತು. ಕೆಲವರಿಗೆ ನಿಗದಿತ ಹಣ, ಇನ್ನು ಕೆಲವರಿಗೆ ತಾವು ಸೂಚಿಸಿದವರು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಾರೆ ಎಂಬುದರ ಮೇಲೆ ಹಣ. ಎರಡನೆಯ ಗುಂಪಿನವರು ಸಂಬಂಧಿಕರನ್ನು ಕರೆತಂದದ್ದು ಕಡಿಮೆ. ಅವರಲ್ಲೂ ಸ್ವತಃ ಸಮರ್ಥರಾದವರು ಹೆಚ್ಚು ಸಮರ್ಥರನ್ನು ತಂದರು. ಬಂಧುವನ್ನು ಸೂಚಿಸುವುದು ಪುಕ್ಕಟೆಯಾಗಿದ್ದರೆ ಬಂಧುವೇ ಬರುತ್ತಾನೆ ಎಂಬುದು ಹಳ್ಳಿಯ ಶಾನುಭೋಗರಿಗೂ ಗೊತ್ತಿದ್ದ ವಿಚಾರ, ಅಳೆದು ತೋರಿಸಿದ್ದು ಇವರ ಹೆಚ್ಚುಗಾರಿಕೆ.

ಇಂಟರ್ನ್‌ಶಿಪ್ ಮಟ್ಟಿಗೆ ನನ್ನ ಅಭಿಪ್ರಾಯ ಇಷ್ಟು. ಹೇಗೆ ಬಲ್ಲಿರಿ ಎಂಬ ಆ ಕಾಲಂ ಅನ್ನು ಬ್ಯಾಂಕುಗಳು ಗಂಭೀರವಾಗಿ ಪರಿಗಣಿಸಲಿ. ಪಾಠ ಹೇಳಿದ್ದೇನೆ, ಜೊತೆಯಲ್ಲಿ ಓದಿದ್ದೇನೆ, ಆಕೆಯ ಯೋಜನಾ ವರದಿ ನೋಡಿದ್ದೇನೆ ಎನ್ನುವವರ ಮಾತಿಗೆ ಬೆಲೆ ಕೊಡಲಿ. ಬಂಧು, ಕುಟುಂಬದ ಪರಿಚಯ ಎಂದಿದ್ದರೆ ಆ ಅರ್ಜಿ ಸಾಮಾನ್ಯ ಸಾಲಿಗೆ ಮರಳಲಿ. ಹೇಗಿದ್ದರೂ ಆನ್‌ಲೈನ್ ಪರೀಕ್ಷೆ ನಡೆಸುತ್ತಾರೆ. ಅದನ್ನು ಜರಡಿಯ ನಂತರ ನಡೆಸುವ ಬದಲು ಮೊದಲೇ, ಅರ್ಜಿ ಹಾಕಿದ ಎಲ್ಲರಿಗೂ ನಡೆಸಬಹುದು. ಇನ್ನೊಬ್ಬ ಅಭ್ಯರ್ಥಿಯನ್ನು ಕಂಪ್ಯೂಟರಿನ ಮೇಲೆ ಪರೀಕ್ಷಿಸಲು ತಗಲುವ ಹೆಚ್ಚುವರಿ ವೆಚ್ಚ ಅತ್ಯಲ್ಪ. ನಕಲು ನಡೆಯುತ್ತದೆ ಎಂಬ ಆಕ್ಷೇಪಕ್ಕೆ ಸಂದರ್ಶನವೇ ಉತ್ತರ.

ಸರ್ಕಾರಕ್ಕೂ ಇಲ್ಲಿ ಪಾತ್ರವಿದೆ. ರಾಜ್ಯ ಸರ್ಕಾರ 2024ರ ನವೆಂಬರ್‌ನಲ್ಲಿ ಜಾಗತಿಕ ಸಾಮರ್ಥ್ಯ ಕೇಂದ್ರಗಳ ನೀತಿಯನ್ನು ಪ್ರಕಟಿಸಿ, 2029ರೊಳಗೆ 500 ಹೊಸ ಕೇಂದ್ರಗಳನ್ನೂ 3.5 ಲಕ್ಷ ಉದ್ಯೋಗಗಳನ್ನೂ ತರುವ ಗುರಿ ಇಟ್ಟುಕೊಂಡಿತು. ವಿದೇಶಿ ಬ್ಯಾಂಕುಗಳ ಕೇಂದ್ರಗಳೂ ಈ ವರ್ಗಕ್ಕೇ ಸೇರಿದವು. ಸಾರ್ವಜನಿಕ ಹಣದಿಂದ ಪ್ರೋತ್ಸಾಹ ಪಡೆಯುವ ಕೇಂದ್ರ, ಎಷ್ಟು ಇಂಟರ್ನ್‌ಶಿಪ್ ಅರ್ಜಿ ಬಂದವು, ರೆಫರಲ್ ಇದ್ದವರೆಷ್ಟು, ಇಲ್ಲದವರೆಷ್ಟು, ಎರಡೂ ಗುಂಪಿನಲ್ಲಿ ಸಂದರ್ಶನಕ್ಕೆ ಕರೆದದ್ದು ಎಷ್ಟು ಮಂದಿಯನ್ನು ಎಂಬ ನಾಲ್ಕು ಅಂಕಿಗಳನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕು ಎಂದು ಕೇಳುವುದು ಅತಿಯಾದ ಬೇಡಿಕೆಯಲ್ಲ. ಅಂಕಿಗಳು ಆ ತಂತ್ರಾಂಶದಲ್ಲಿ ಈಗಾಗಲೇ ಇವೆ.

ತೆರೆದ ದಾರಿಗಳು ಇಲ್ಲವೇ ಇಲ್ಲ ಎಂದಲ್ಲ. ರಿಸರ್ವ್ ಬ್ಯಾಂಕ್ ಪ್ರತಿವರ್ಷ ಗರಿಷ್ಠ 125 ವಿದ್ಯಾರ್ಥಿಗಳನ್ನು ಬೇಸಿಗೆ ಇಂಟರ್ನ್‌ಶಿಪ್‌ಗೆ ತೆಗೆದುಕೊಳ್ಳುತ್ತದೆ. ಸ್ನಾತಕೋತ್ತರ ವಾಣಿಜ್ಯ, ಅರ್ಥಶಾಸ್ತ್ರ, ನಿರ್ವಹಣೆ ಓದುವವರು ಅಕ್ಟೋಬರ್ 15ರಿಂದ ಡಿಸೆಂಬರ್ 15ರವರೆಗೆ ಆನ್‌ಲೈನ್ ಮೂಲಕ ಅರ್ಜಿ ಹಾಕಬಹುದು. ಯಾರ ಪರಿಚಯವೂ ಬೇಡ. ನಮ್ಮ ಹುಡುಗಿಗೆ ಇದನ್ನು ಹೇಳಿದಾಗ ಗಡುವು ಕಳೆದು ಹನ್ನೆರಡು ದಿನವಾಗಿತ್ತು. ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲವಂತೆ. ಬೆಂಗಳೂರಿನ ಕಾಲೇಜುಗಳ ಸೂಚನಾ ಫಲಕದಲ್ಲಿ ಅದು ಅಕ್ಟೋಬರ್‌ನಲ್ಲೇ ಇದ್ದಿರಬೇಕು. ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ, 500 ದೊಡ್ಡ ಕಂಪನಿಗಳಲ್ಲಿ ಐದು ವರ್ಷಗಳಲ್ಲಿ ಒಂದು ಕೋಟಿ ಯುವಜನರಿಗೆ ಅವಕಾಶ ಕೊಡುವ ಉದ್ದೇಶದ್ದು. ಅದರಲ್ಲಿ ಪೂರ್ಣಾವಧಿ ವಿದ್ಯಾರ್ಥಿಗಳಿಗೂ ಎಂಬಿಎ ಪದವೀಧರರಿಗೂ ಪ್ರವೇಶ ಇಟ್ಟಿರಲಿಲ್ಲ. ಎಂಬಿಎ ಮಾಡಿದವರಿಗೆ ಸಹಾಯ ಬೇಕಿಲ್ಲ ಎಂದು ದೆಹಲಿಯಲ್ಲಿ ಯಾರೋ ಭಾವಿಸಿದಂತಿದೆ. ಅವರು ಬಹುಶಃ ತಾಲ್ಲೂಕು ಕೇಂದ್ರದ ಎಂಬಿಎ ಕಾಲೇಜನ್ನು ನೋಡಿಲ್ಲ.

ನಮ್ಮ ಹುಡುಗಿ ಮೂರು ಸುತ್ತಿನ ಸಂದರ್ಶನವನ್ನು ತನ್ನ ಸ್ವಂತ ಬಲದಿಂದಲೇ ದಾಟಿದಳು. ಏಪ್ರಿಲ್‌ನಿಂದ ಎರಡು ತಿಂಗಳು ನಮ್ಮ ಮನೆಯಲ್ಲೇ ಇದ್ದು ಹೊರವರ್ತುಲ ರಸ್ತೆಯ ಆ ಕಚೇರಿಗೆ ಹೋಗಿ ಬಂದಳು. ನನಗೆ ಸಂತೋಷವಿಲ್ಲ ಎಂದರೆ ಸುಳ್ಳಾದೀತು.

ಆಕೆಯ ತರಗತಿಯಲ್ಲೇ ಹೊಸನಗರ ತಾಲ್ಲೂಕಿನ ಹಳ್ಳಿಯೊಂದರ ಹುಡುಗಿಯಿದ್ದಾಳೆ. ತಂದೆ ಬೇರೆಯವರ ಅಡಿಕೆ ತೋಟದಲ್ಲಿ ಕೊನೆ ಕೊಯ್ಯುವ ಕೆಲಸಗಾರ. ಎರಡೂ ಸೆಮಿಸ್ಟರಿನಲ್ಲಿ ಆಕೆಯ ಅಂಕ ನಮ್ಮವಳಿಗಿಂತ ಹೆಚ್ಚು. ಪರೀಕ್ಷೆಯ ಹಿಂದಿನ ದಿನ ನಮ್ಮವಳಿಗೆ ಆಪ್ಷನ್ ಬೆಲೆಯ ಲೆಕ್ಕ ಹೇಳಿಕೊಟ್ಟವಳೂ ಆಕೆಯೇ ಎಂದು ನಮ್ಮವಳೇ ಒಂದು ರಾತ್ರಿ ಊಟಕ್ಕೆ ಕುಳಿತಾಗ ಹೇಳಿದಳು. ಇಬ್ಬರೂ ಒಂದೇ ದಿನ, ಕಾಲೇಜಿನ ಒಂದೇ ಕಂಪ್ಯೂಟರಿನಿಂದ ಆ ಬ್ಯಾಂಕಿಗೆ ಅರ್ಜಿ ಹಾಕಿದ್ದರಂತೆ. 'ದೊಡ್ಡಪ್ಪಾ, ಅವಳದ್ದೂ ಒಂದು ಮಾತು ಹೇಳ್ಬಹುದಿತ್ತಲ್ವಾ' ಎಂದಳು. ಮರುದಿನ ಮಿತ್ರರ ಮಗನಿಗೆ ಫೋನು ಮಾಡಿದೆ. ಆತ ಸಂಕೋಚದಿಂದಲೇ ಉತ್ತರಿಸಿದ: 'ಈ ವರ್ಷದ್ದು ಮುಗೀತು ಅಂಕಲ್. ಅದೂ ಅಲ್ದೆ, ಅವರನ್ನ ಹೇಗೆ ಗೊತ್ತು ಅಂತ ಕೇಳ್ತಾರೆ, ನಾನು ಏನಂತ ಬರೀಲಿ?'

ನಮ್ಮ ಹುಡುಗಿಯ ವಿಷಯದಲ್ಲಿ ಏನೆಂದು ಬರೆದೆ ಎಂದು ನಾನು ಕೇಳಲಿಲ್ಲ. ಆ ಇನ್ನೊಬ್ಬಳು ಬೇಸಿಗೆಯ ಎರಡು ತಿಂಗಳನ್ನು ತನ್ನ ಊರಿನ ಬಳಿಯ ಪತ್ತಿನ ಸಹಕಾರ ಸಂಘವೊಂದರಲ್ಲಿ ಸಾಲದ ಖಾತೆಗಳನ್ನು ಕಂಪ್ಯೂಟರಿಗೆ ಏರಿಸುತ್ತಾ ಕಳೆದಳು. ನವೆಂಬರ್‌ನಲ್ಲಿ ಹಾಕಿದ ಅರ್ಜಿಗೆ ಬ್ಯಾಂಕಿನಿಂದ ಆಕೆಗೆ ಈವರೆಗೂ ಉತ್ತರ ಬಂದಿಲ್ಲ.